ಕೇಳಿದಷ್ಟೇ ಕೊಟ್ಟ ಬಾಡಿಗೆ

ಎಂಟು ಸಾವಿರ ರೂಪಾಯಿ. ಮಂಗಳೂರಿನ ರೈಲ್ವೆ ಸ್ಟೇಷನ್ನಿಂದ ಕೋಣಂದೂರಿನ ಹತ್ತಿರ ಇರುವ ನನ್ನ ಹೆಂಡತಿಯ ತವರಿಗೆ ಟ್ಯಾಕ್ಸಿ ಬಾಡಿಗೆ. ಡ್ರೈವರ್ ಎಂಟು ಅಂದ. ನಾನು ಹೂಂ ಅಂದೆ.

ಈ ಅಂಕಣದ ಹಳೇ ಓದುಗರು ಇದನ್ನು ನಂಬಲಿಕ್ಕಿಲ್ಲ. ಸಾಗರದ ಬಸ್ ಸ್ಟ್ಯಾಂಡ್ ಬದಿಯಲ್ಲಿ ಪಂಕ್ಚರ್ ಹಾಕುತ್ತಾ ಶುರು ಮಾಡಿ, ಇವತ್ತು ಸೆಕೆಂಡ್ ಹ್ಯಾಂಡ್ ಬೈಕಿನ ಅಂಗಡಿ ಇಟ್ಟುಕೊಂಡವನು ನಾನು. ಯಾರಾದರೂ ಒಂದು ರೇಟು ಹೇಳಿದರೆ ಅದು ನನ್ನ ಪಾಲಿಗೆ ಮಾತಿನ ಆರಂಭ, ಅಷ್ಟೇ. ಎಳನೀರಿಗೂ ಬಿಟ್ಟವನಲ್ಲ. ಹನಿಮೂನ್ ಪ್ಯಾಕೇಜಿನ ರೇಟು ಇಳಿಸುವುದು ಹೇಗೆ ಅಂತ ಇದೇ ಜಾಗದಲ್ಲಿ ಬರೆದಿದ್ದೆ. (ಆ ಉಪಾಯ ಈಗಲೂ ನಡೆಯುತ್ತದೆ. ವಾರದ ನಡುವೆ ಹೊರಡಿ, ಕ್ಯಾಂಡಲ್ ಲೈಟ್ ಡಿನ್ನರ್ ಬೇಡ ಅನ್ನಿ.)

ಅಂಥವನು ಯಾಕೆ ಬಾಯಿ ಮುಚ್ಚಿಕೊಂಡು ಎಂಟು ಸಾವಿರ ಕೊಟ್ಟೆ? ಮಾವ ತೀರಿಕೊಂಡಿದ್ದರು. ಮಧ್ಯಾಹ್ನದೊಳಗೆ ಮಗಳು ಬರಲಿ ಅಂತ ಅಲ್ಲಿ ಕಾಯುತ್ತಿದ್ದರು. ಆ ಮಗಳು, ನನ್ನ ಹೆಂಡತಿ ಅಶ್ವಿನಿ, ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳಿಗೆ ವಿಷಯ ಗೊತ್ತಿರಲಿಲ್ಲ.

ಗೊತ್ತಿರಲಿಲ್ಲ ಅಂತ ನಾನು ಅಂದುಕೊಂಡಿದ್ದೆ.

ಮಾವನ ಬಗ್ಗೆ ಒಂದು ಮಾತು ಹೇಳಲೇಬೇಕು. ಶುಂಠಿ ಬೆಳೆದು, ದಲ್ಲಾಳಿಗಳ ಜೊತೆ ಗುದ್ದಾಡಿ ಪಳಗಿದ ಮನುಷ್ಯ. ಸಂಬಂಧದ ಮಾತಿಗೆ ನನ್ನ ಅಂಗಡಿಗೆ ಬಂದವರು, ಮೊದಲು ಒಂದು ಬೈಕಿನ ಬೆಲೆ ಕೇಳಿದರು. ಹೇಳಿದೆ. ನಕ್ಕು ಎದ್ದು ನಿಂತರು. ಸಂಬಂಧ ಕೈತಪ್ಪಿತು ಅಂತ ನನಗೆ ಗಾಬರಿ.

‘ಮಾತು ಮುಗೀತಾ?’ ಅಂದೆ.

‘ಬೈಕಿಂದು ಮುಗೀತು. ಮಗಳದ್ದು ಈಗ ಶುರು ಮಾಡಾಣ. ಅದ್ರಲ್ಲಿ ಮಾತ್ರ ಇಳ್ಸಕ್ಕೆ ಹೋಗ್ಬ್ಯಾಡಿ’ ಅಂದರು.

ನನಗೆ ಸರಿಸಮನಾದ ಒಬ್ಬರು ಸಿಕ್ಕಿದರು ಅಂತ ಅವತ್ತು ಖುಷಿಪಟ್ಟಿದ್ದೆ.

ಮದುವೆ ಆಯಿತು. ಕೇರಳಕ್ಕೆ ಹೋದೆವು. ಊರಿಗೆ ಹೊರಡಲು ಇನ್ನೆರಡು ದಿನ ಇತ್ತು. ಅಲೆಪ್ಪಿಯ ಒಂದು ಬಟ್ಟೆ ಅಂಗಡಿಯಲ್ಲಿ ಅಶ್ವಿನಿ ಅಪ್ಪನಿಗೆ ಪಂಚೆ ನೋಡುತ್ತಿದ್ದಳು, ಜರಿ ಅಂಚಿನದು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು, ‘ರೀ, ನೀವು ಹೊರಗೆ ನಿಂತ್ಕಳಿ. ಅಪ್ಪನ ಪಂಚೆಗೆ ಚೌಕಾಸಿ ಬ್ಯಾಡ’ ಅಂದಳು.

ಹೊರಗೆ ನಿಂತೆ. ಆಗ ಫೋನ್ ಬಂತು. ಅವಳ ಚಿಕ್ಕಪ್ಪ.

‘ಅಳಿಯಂದ್ರೇ, ಅವ್ಳು ಹತ್ರ ಇದಾಳಾ?’

‘ಇಲ್ಲ, ಅಂಗಡಿ ಒಳಗಿದಾಳೆ.’

‘ಅಣ್ಣ ಹೋದ. ಮಧ್ಯಾಹ್ನ ಊಟ ಮಾಡಿ ಮಲಗಿದ್ದ, ಏಳ್ಲಿಲ್ಲ. ಅವ್ಳಿಗೆ ಹೇಳ್ಬ್ಯಾಡಿ. ಹುಷಾರಿಲ್ಲ, ಆಸ್ಪತ್ರೆಗೆ ಸೇರ್ಸಿದಾರೆ ಅನ್ನಿ ಸಾಕು. ಅಷ್ಟು ದೂರದ ದಾರಿ. ಒಬ್ಬಳೇ ಮಗಳು, ತಡ್ಕಳಲ್ಲ. ಬೆಳಗ್ಗೆ ಏನಾದ್ರೂ ಒಂದಿಷ್ಟು ತಿನ್ನಿಸಿ ಕರ್ಕೊಂಡ್ ಬನ್ನಿ. ಇಲ್ಲಿಗೆ ಬಂದ್ಮೇಲೆ ಎಲ್ಲಾ ಮುಗಿಯೋವರೆಗೆ ಹೊಟ್ಟೆಗೆ ಏನೂ ಇರಲ್ಲ.’

ಈ ಮಾತು ನಮ್ಮ ಕಡೆ ಎಷ್ಟು ಮನೆಯಲ್ಲಿ ಕೇಳಿಲ್ಲ ನಾವು? ದೂರದಲ್ಲಿರುವವರಿಗೆ ಸಾವಿನ ಸುದ್ದಿ ಹೇಳುವ ಕ್ರಮವೇ ಇದು. ಮೊದಲು ‘ಹುಷಾರಿಲ್ಲ’. ಅರ್ಧ ದಾರಿಗೆ ಬಂದ ಮೇಲೆ ‘ಸೀರಿಯಸ್’. ಅಂಗಳದಲ್ಲಿ ಜನ ಕಂಡಾಗ ಉಳಿದದ್ದು ತಾನೇ ಗೊತ್ತಾಗುತ್ತದೆ. ಹೂಂ ಅಂದೆ. ಹಿರಿಯರು, ತಿಳಿದವರು. ಮನೆಗೆ ಹೊಸ ಅಳಿಯ ನಾನು. ಬೇರೆ ಏನು ಅನ್ನಲಿ?

ಅಶ್ವಿನಿ ಪೊಟ್ಟಣ ಹಿಡಿದು ಹೊರಗೆ ಬಂದಳು. ‘ಎಷ್ಟು ಕೊಟ್ಟೆ ಅಂತ ಕೇಳ್ಬ್ಯಾಡಿ’ ಅಂದಳು.

ಕೇಳಲಿಲ್ಲ. ಹೇಳಿದೆ: ಅಪ್ಪನಿಗೆ ಎದೆನೋವು ಬಂದಿದೆ, ಶಿವಮೊಗ್ಗದಲ್ಲಿ ಆಸ್ಪತ್ರೆಗೆ ಸೇರಿಸಿದ್ದಾರೆ, ಐಸಿಯುನಲ್ಲಿದ್ದಾರೆ, ಫೋನ್ ಕೊಡುವುದಿಲ್ಲವಂತೆ. ಇವತ್ತೇ ಹೊರಟುಬಿಡೋಣ. ಸುಳ್ಳನ್ನು ಇಷ್ಟು ಸಲೀಸಾಗಿ ಹೇಳಬಲ್ಲೆ ಅಂತ ನನಗೇ ಗೊತ್ತಿರಲಿಲ್ಲ. (ಬೈಕ್ ಮಾರುವಾಗಲೂ ನಾನು ಸುಳ್ಳು ಹೇಳುವವನಲ್ಲ. ಕೇಳದಿದ್ದನ್ನು ಹೇಳುವುದಿಲ್ಲ, ಅಷ್ಟೇ.)

ಹೋಮ್‌ಸ್ಟೇಗೆ ಬಂದು ಬ್ಯಾಗು ತುಂಬಿದೆವು. ಅಲ್ಲಿ ನಾನು ಏನು ಮಾಡಿದೆ ಗೊತ್ತಾ? ಉಳಿದ ಎರಡು ರಾತ್ರಿಯ ದುಡ್ಡು ವಾಪಸ್ ಕೇಳಿದೆ. ಓನರ್ ಆಗಲ್ಲ ಅಂದ. ನಾನು ಬಿಡಲಿಲ್ಲ. ಸಾವಿನ ಸುದ್ದಿಯನ್ನು ಒಳಗೆ ಇಟ್ಟುಕೊಂಡು, ಅರ್ಧ ದುಡ್ಡು ಬರುವವರೆಗೆ ಅವನ ಕೌಂಟರ್ ಬಿಟ್ಟು ಕದಲಲಿಲ್ಲ. ಅದು ನಾಟಕವೂ ಅಲ್ಲ. ಅಭ್ಯಾಸ. ಕೈಗೆ, ಬಾಯಿಗೆ ಅಂಟಿದ ಅಭ್ಯಾಸ.

‘ಅಪ್ಪಂಗೆ ಹುಷಾರಿಲ್ಲ ಅಂತಿದೀರಿ. ಇದ್ರಲ್ಲೂ ಇದು ಬೇಕಿತ್ತಾ?’ ಅಂತ ಅಶ್ವಿನಿ ಸಿಟ್ಟಾದಳು.

ಸಂಜೆ ರೈಲು ಸಿಕ್ಕಿತು. ಎದುರುಬದುರು ಸೀಟು. ಅವಳು ಅಮ್ಮನಿಗೆ ಎರಡು ಸಲ ಫೋನ್ ಮಾಡಿದಳು, ಎತ್ತಲಿಲ್ಲ; ಚಿಕ್ಕಪ್ಪ ಎತ್ತಿ ‘ಆಸ್ಪತ್ರೇಲಿದೀವಿ, ಬಾ’ ಅಂದಷ್ಟೇ ಇಟ್ಟರು. ರೈಲು ಹೊರಟು ಸ್ವಲ್ಪ ಹೊತ್ತಿಗೆ ಅವಳು ಫೋನನ್ನು ಬಾಯಿಯ ಹತ್ತಿರ ಹಿಡಿದು ಅಪ್ಪನಿಗೆ ವಾಯ್ಸ್ ಮೆಸೇಜ್ ಮಾಡಿದಳು.

‘ಅಪ್ಪಾ, ನಾನು. ಹೊರಟ್ವಿ. ಬೆಳಗ್ಗೆ ಮಂಗ್ಳೂರು, ಮಧ್ಯಾಹ್ನದೊಳಗೆ ನಿನ್ನತ್ರ. ಡಾಕ್ಟ್ರ ಹತ್ರ ವಾದ ಮಾಡ್ಬ್ಯಾಡ. ಪಂಚೆ ತಗಂಡಿದೀನಿ. ಎಷ್ಟು ಅಂತ ಕೇಳ್ಬ್ಯಾಡ, ಇವ್ರು ಎದುರಿಗೇ ಕೂತಿದಾರೆ.’

ಕಳಿಸಿ ಒಂಚೂರು ನಕ್ಕಳು. ಆಮೇಲೆ ಫೋನ್ ನನ್ನ ಕಡೆ ತಿರುಗಿಸಿ, ‘ಎರಡು ಟಿಕ್ ಬಿತ್ತು ನೋಡಿ. ಹೋಯ್ತು’ ಅಂದಳು.

‘ಹೂಂ’ ಅಂದೆ.

ಆಗ ಹೇಳಬಹುದಿತ್ತು. ಬೋಗಿಯಲ್ಲಿ ಜನ ಇದ್ದರು, ಇದ್ದರೆ ಏನು? ಹೇಳಲಿಲ್ಲ. ಅವಳು ಮಲಗಿದಳು. ನನಗೆ ನಿದ್ದೆ ಬರಲಿಲ್ಲ. ಬೆಳಗ್ಗೆ ಮಂಗಳೂರಿನಲ್ಲಿ ಇಳಿದಾಗ ನನ್ನ ಬಾಯಲ್ಲಿ ಮಾತೇ ಉಳಿದಿರಲಿಲ್ಲ.

‘ತೀರ್ಥಹಳ್ಳಿ ಮೇಲೆ ಶಿವಮೊಗ್ಗ’ ಅಂದೆ ಟ್ಯಾಕ್ಸಿಯವನಿಗೆ.

‘ಎಂಟು ಆಗ್ತದೆ ಸರ್. ಘಾಟಿ ಉಂಟಲ್ಲ’ ಅಂದ.

‘ಹೂಂ, ನಡಿ.’

ಅಶ್ವಿನಿ ನನ್ನನ್ನು ನೋಡಿದಳು. ಡಿಕ್ಕಿಗೆ ಬ್ಯಾಗ್ ಹಾಕುವ ಗಡಿಬಿಡಿಯಲ್ಲಿ ಆ ನೋಟಕ್ಕೆ ನಾನು ಬೆಲೆ ಕೊಡಲಿಲ್ಲ. ಅವಳು ಕೈಯಲ್ಲಿದ್ದ ಫೋನನ್ನು ಪರ್ಸಿನೊಳಗೆ ಇಟ್ಟು ಜಿಪ್ ಎಳೆದಳು. ಆಮೇಲೆ ಅಮ್ಮನಿಗಾಗಲಿ ಚಿಕ್ಕಪ್ಪನಿಗಾಗಲಿ ಫೋನ್ ಮಾಡಲೇ ಇಲ್ಲ. ಸದ್ಯ, ಸಮಾಧಾನ ಆಗಿದೆ ಅಂದುಕೊಂಡೆ. ಜನರ ಮುಖ ನೋಡಿ ಬೆಲೆ ಹೇಳುವವನು ನಾನು.

ಡ್ರೈವರ್ ಮಾತಿನ ಮನುಷ್ಯ. ‘ಹೊಸ ಮದುವೆಯಾ ಅಕ್ಕ? ಕೈಯಲ್ಲಿ ಮೆಹೆಂದಿ ಇನ್ನೂ ಉಂಟು.’

‘ಹೌದಣ್ಣ.’

‘ಎಲ್ಲಿಗೆ ಹೋದದ್ದು?’

‘ಕೇರಳ.’

‘ಒಳ್ಳೆ ಆಯ್ತಾ?’

‘ಒಳ್ಳೇದಾಯ್ತು’ ಅಂದಳು. ದನಿಯಲ್ಲಿ ಒಂದಿಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

ಹೆಬ್ರಿಯಲ್ಲಿ ಹೋಟೆಲಿಗೆ ಇಳಿದೆವು. ಚಿಕ್ಕಪ್ಪ ಹೇಳಿದ ಕೆಲಸ ಬಾಕಿ ಇತ್ತಲ್ಲ. ಬೇಡ ಅನ್ನುತ್ತಾಳೇನೋ ಅಂತ ನಾನು ಹತ್ತು ಮಾತು ರೆಡಿ ಮಾಡಿಕೊಂಡಿದ್ದೆ. ಅವಳು ಬೇಡ ಅನ್ನಲಿಲ್ಲ. ಎರಡು ಇಡ್ಲಿ ತಿಂದಳು. ‘ಇನ್ನೊಂದು?’ ಅಂದೆ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ‘ಹಾಕ್ಸಿ’ ಅಂದಳು. ಅದನ್ನೂ ಪೂರ್ತಿ ತಿಂದಳು.

ಬಿಲ್ ಕೊಡುವ ನೆಪದಲ್ಲಿ ಎದ್ದು ಹೋಗಿ ಡ್ರೈವರನಿಗೆ ನಿಜ ಹೇಳಿದೆ. ಶಿವಮೊಗ್ಗ ಅಲ್ಲ, ಕೋಣಂದೂರು ಕಡೆ. ಅವಳಿಗೆ ಗೊತ್ತಿಲ್ಲ. ಅವನು ತಲೆ ಅಲ್ಲಾಡಿಸಿದ. ಮತ್ತೆ ಹಾಡು ಹಾಕಲಿಲ್ಲ, ಮಾತೂ ಆಡಲಿಲ್ಲ. ಆಗುಂಬೆ ಘಾಟಿಯ ತಿರುವುಗಳಲ್ಲಿ ಅಶ್ವಿನಿ ಮುಂದಿನ ಸೀಟನ್ನು ಎರಡು ಕೈಯಲ್ಲಿ ಹಿಡಿದು ಕೂತಿದ್ದಳು. ಎಲ್ಲರೂ ಹಾಗೇ ಕೂರುತ್ತಾರೆ. ನಾನು ಮುಂದಿನ ಲೆಕ್ಕಾಚಾರದಲ್ಲಿದ್ದೆ: ತೀರ್ಥಹಳ್ಳಿಯಲ್ಲಿ ಕಾರು ಶಿವಮೊಗ್ಗ ರಸ್ತೆ ಬಿಟ್ಟು ತಿರುಗಿದಾಗ ಏನು ಹೇಳುವುದು?

ಆ ಪ್ರಶ್ನೆ ಬರಲೇ ಇಲ್ಲ. ತೀರ್ಥಹಳ್ಳಿ ಪೇಟೆ ಸಿಕ್ಕಿದ ಕೂಡಲೇ ಅವಳು ಮುಂದಕ್ಕೆ ಬಾಗಿದಳು.

‘ಅಣ್ಣ, ಶಿವಮೊಗ್ಗ ರೋಡ್ ಬ್ಯಾಡ. ಕೋಣಂದೂರು ಕಡೆ ತಗಳಿ.’

ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿದ. ನಾನು ಕಿಟಕಿಯ ಆಚೆ ನೋಡಿದೆ.

ಪೇಟೆ ದಾಟಿದ ಮೇಲೆ ಕೇಳಿದೆ. ‘ಯಾವಾಗ ಗೊತ್ತಾಯ್ತು?’

‘ಮಂಗ್ಳೂರಲ್ಲಿ.’

‘ಯಾರು ಹೇಳಿದ್ರು?’

‘ನೀವೇ. ಅವ್ರು ಎಂಟು ಅಂದ್ರು, ನೀವು ಹೂಂ ಅಂದ್ರಿ. ಹುಷಾರಿಲ್ಲದೋರನ್ನ ನೋಡಕ್ಕೆ ಹೋಗೋದಾಗಿದ್ರೆ ಐನೂರಾದ್ರೂ ಇಳಿಸ್ತಿದ್ರಿ.’

ಮತ್ತೆ ಹೇಳಿದಳು. ‘ಅಲೆಪ್ಪೀಲಿ ನೀವು ರೂಮಿನ ದುಡ್ಡು ವಾಪಸ್ ಕೇಳ್ದಾಗ ಸಿಟ್ಟು ಬಂತು ನಿಜ. ಒಳಗೊಳಗೆ ಧೈರ್ಯನೂ ಆಗಿತ್ತು. ಅಪ್ಪಂಗೆ ಏನಾದ್ರೂ ಆಗಿದ್ರೆ ಇವ್ರು ಹಿಂಗೆ ದುಡ್ಡಿಗೆ ನಿಲ್ತಿದ್ರಾ ಅಂತ.’



‘ಮತ್ತೆ ಹೋಟ್ಲಲ್ಲಿ ತಿಂದ್ಯಲ್ಲ’ ಅಂದೆ. ಕೇಳಬಾರದಿತ್ತು.

‘ನೀವು ಅಷ್ಟು ಒದ್ದಾಡ್ತಾ ಇದ್ರಿ. ನಾನು ತಿನ್ನದಿದ್ರೆ ನೀವೂ ತಿಂತಿರ್ಲಿಲ್ಲ. ಕೇಳಿದ್ರೆ ನೀವು ಇನ್ನೊಂದು ಸುಳ್ಳು ಹೇಳ್ಬೇಕಿತ್ತು.’

ಮನೆಗೆ ತಿರುಗುವ ಮಣ್ಣುರಸ್ತೆ ಬಂದಾಗ ಕಾರು ನಿಲ್ಲಿಸಲು ಹೇಳಿದಳು. ‘ಇಲ್ಲೇ ಒಂಚೂರು ಅತ್ತು ಬಿಡ್ತೀನಿ. ಅಲ್ಲಿ ಅಮ್ಮನ್ನ ನೋಡ್ಕಬೇಕು.’ ಡ್ರೈವರ್ ಇಳಿದು ದೂರ ಹೋಗಿ ನಿಂತ. ಮಂಗಳೂರಿನಿಂದ ಹಿಡಿದಿಟ್ಟದ್ದನ್ನು ಅವಳು ಅಲ್ಲಿ, ಸೀಟಿಗೆ ಮುಖ ಕೊಟ್ಟು, ಅತ್ತಳು. ಪಕ್ಕದಲ್ಲಿ ಕೂತು ಬೆನ್ನು ಸವರುವುದು ಬಿಟ್ಟು ನನಗೆ ಬೇರೆ ಕೆಲಸ ಇರಲಿಲ್ಲ. ಆ ಕೆಲಸವನ್ನು ಹಿಂದಿನ ದಿನದಿಂದಲೇ ಮಾಡಬಹುದಿತ್ತು.

ಅಂಗಳದಲ್ಲಿ ಚಿಕ್ಕಪ್ಪ ನನ್ನನ್ನು ಪಕ್ಕಕ್ಕೆ ಕರೆದರು. ‘ಹೇಳ್ಲಿಲ್ಲ ತಾನೆ? ತಿಂಡಿ ಆಯ್ತಾ?’

‘ಆಯ್ತು.’

‘ಒಳ್ಳೆ ಕೆಲಸ ಮಾಡಿದ್ರಿ’ ಅಂತ ಭುಜ ತಟ್ಟಿದರು. ಅವರ ಅಂಗಿಯ ಜೇಬಿನಲ್ಲಿ ಮಾವನ ಫೋನ್ ಇತ್ತು. ‘ರಾತ್ರಿ ಇದ್ರಲ್ಲಿ ಅವ್ಳ ಮೆಸೇಜ್ ಬಂತು. ಪೂರ್ತಿ ಕೇಳಕ್ಕಾಗ್ಲಿಲ್ಲ’ ಅಂದರು. ಕಣ್ಣು ಒರೆಸಿಕೊಂಡರು. ಕೆಟ್ಟ ಮನುಷ್ಯರಲ್ಲ ಅವರು.

ಹೊಸ ಪಂಚೆಯ ಮಡಿಕೆಯನ್ನು ಅಶ್ವಿನಿಯೇ ಬಿಚ್ಚಿ ಅಪ್ಪನಿಗೆ ಹೊದಿಸಿದಳು.

ಕಾರ್ಯಗಳೆಲ್ಲ ಮುಗಿದ ಮೇಲೆ ಇಬ್ಬರೂ ಬಸ್ಸಿನಲ್ಲಿ ಹೊಸನಗರದ ಮೇಲೆ ಸಾಗರಕ್ಕೆ ಬಂದೆವು. ಹನಿಮೂನಿನಿಂದ ಮನೆಗೆ ವಾಪಸ್ ಬಂದದ್ದು ನಿಜವಾಗಿ ಅವತ್ತು. ಬ್ಯಾಗುಗಳನ್ನು ಅಲೆಪ್ಪಿಯಲ್ಲಿ ಹೇಗೆ ತುಂಬಿದ್ದೆವೋ ಹಾಗೇ ಇದ್ದವು. ಬಾಳೆಕಾಯಿ ಚಿಪ್ಸ್ ಮೆತ್ತಗಾಗಿತ್ತು. ಬಟ್ಟೆ ತೆಗೆದು ಒಗೆಯಲು ಹಾಕುತ್ತಾ ಅಶ್ವಿನಿ ಹೇಳಿದಳು.

‘ಚಿಕ್ಕಪ್ಪನ ಮೇಲೆ ಸಿಟ್ಟಿಲ್ಲ. ನೀವು ಸುಳ್ಳು ಹೇಳಿದ್ದಕ್ಕೂ ಸಿಟ್ಟಿಲ್ಲ. ಆದ್ರೆ ರೈಲಲ್ಲಿ ನಾನು ಅಪ್ಪಂಗೆ ಮೆಸೇಜ್ ಮಾಡ್ತಾ ಇದ್ದೆ. ನೀವು ನೋಡ್ತಾ ಕೂತಿದ್ರಿ. ಎರಡು ಟಿಕ್ ತೋರ್ಸಿದ್ರೆ ಹೂಂ ಅಂದ್ರಿ. ಅದೊಂದು ಮಾತ್ರ ಮರೆಯಕ್ಕೆ ಆಗ್ತಿಲ್ಲ.’

ವ್ಯಾಪಾರದಲ್ಲಿ ಎದುರಿನವರು ಒಂದು ಮಾತು ಇಟ್ಟರೆ ನಾವೂ ಒಂದು ಮಾತು ಇಡಬೇಕು. ಆಗಲೇ ಅದು ಮುಂದೆ ಹೋಗುವುದು. ಅವತ್ತು ನನ್ನ ಕಡೆಯಿಂದ ಇಡುವುದಕ್ಕೆ ಏನೂ ಇರಲಿಲ್ಲ. ಇವತ್ತಿಗೂ ಇಲ್ಲ. ಅವಳು ಮುನಿಸಿಕೊಂಡಿಲ್ಲ. ಮೊನ್ನೆ ತರಕಾರಿಯವನ ಹತ್ತಿರ ನನ್ನ ಪರವಾಗಿ ಎರಡು ರೂಪಾಯಿ ಇಳಿಸಿದಳು ಕೂಡ. ಆದರೆ ನಾನು ಯಾವುದಕ್ಕಾದರೂ ಚೌಕಾಸಿ ಮಾಡದೆ ದುಡ್ಡು ಕೊಟ್ಟರೆ, ಕೈಯಲ್ಲಿದ್ದದ್ದನ್ನು ಬಿಟ್ಟು ನನ್ನ ಮುಖ ನೋಡುತ್ತಾಳೆ.

ಹೇಳಬೇಡ ಅನ್ನುವ ಹಿರಿಯರ ಉದ್ದೇಶ ಕೆಟ್ಟದ್ದಲ್ಲ, ಒಪ್ಪುತ್ತೇನೆ. ಖಾಲಿ ಹೊಟ್ಟೆ, ಘಾಟಿ ರಸ್ತೆ, ತಲೆ ತಿರುಗಿ ಬಿದ್ದರೆ ಅನ್ನುವ ಭಯ. ಆದರೆ ವ್ಯಾಪಾರಿಯ ಕಣ್ಣಿನಿಂದ ಒಮ್ಮೆ ನೋಡಿ. ಇದರಲ್ಲಿ ಲಾಭ ಯಾರದ್ದು? ದಾರಿಯುದ್ದಕ್ಕೂ ಅಳುವವರನ್ನು ನೋಡುವ ಕಷ್ಟ ತಪ್ಪುವುದು ಹೇಳದವರಿಗೆ. ಹೇಳಿಸಿಕೊಳ್ಳದವರಿಗೆ ತಪ್ಪುವ ಕಷ್ಟ ಯಾವುದು?

ಹಾಗಾಗಿ ಈ ವಾರದ ಬುದ್ಧಿಮಾತು ಹೊಸದಾಗಿ ಮದುವೆಯಾಗಿ ಹೊರಟವರಿಗೆ. ಟಿಕೆಟ್ಟು, ರೂಮು ಎಲ್ಲಾ ಮಾತಾಡುತ್ತೀರಲ್ಲ, ಇದನ್ನೂ ಮಾತಾಡಿಕೊಳ್ಳಿ: ಮನೆಯಿಂದ ಇಂಥದೊಂದು ಫೋನ್ ಬಂದರೆ ನನಗೆ ಆಗಲೇ ಹೇಳುತ್ತೀಯಾ? ಅಶುಭ ಅಂತ ಯಾರಾದರೂ ಗದರಿದರೆ ಗದರಲಿ. ಫೋನ್ ಬಂದಾಗ ಹಿರಿಯರಿಗೆ ಹೂಂ ಅನ್ನುವ ಮೊದಲು, ಹೋದದ್ದು ಪಕ್ಕದಲ್ಲಿರುವವರ ಅಪ್ಪ, ಅದು ನಿಮ್ಮ ಗುಟ್ಟಲ್ಲ ಅನ್ನುವುದನ್ನು ನೆನಪಿಡಿ. ಕೂರಿಸಿ, ಕೈ ಹಿಡಿದುಕೊಂಡು, ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಇಡ್ಲಿ ಆಮೇಲೂ ಸಿಗುತ್ತದೆ.