ಕೋಚ್‌ಗೆ ಇಟ್ಟ ಎಡೆ

ನನ್ನ ಕೋಚ್ ಉಕ್ರೇನಿನವರು. ಆದರೆ ನಮ್ಮೂರು ಕುಂತೂರಿನ ಮಟ್ಟಿಗೆ ಅವರು ರಷ್ಯಾದವರು. ಸಕ್ಕರೆ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದ ನಮ್ಮಪ್ಪ ಕಂಡಕಂಡವರ ಮುಂದೆಲ್ಲ, "ನಮ್ಮುಡ್ಗಿಗೆ ರಷ್ಯಾದವ್ನು ಏಳ್ಕೊಡ್ತಾವ್ನೆ ಕಣ್ಲಾ" ಎಂದು ಎದೆಯುಬ್ಬಿಸುತ್ತಿದ್ದ. ತಿದ್ದುವ ಗೋಜಿಗೆ ನಾನೂ ಹೋಗಲಿಲ್ಲ. ತಂತಿಯ ತುದಿಗೆ ಗುಂಡು ಕಟ್ಟಿದ ಹ್ಯಾಮರ್ ಎಸೆಯುವವಳಿಗೆ ಅದು ಎಷ್ಟು ದೂರ ಬಿತ್ತು ಎನ್ನುವುದು ಮುಖ್ಯ, ಕೋಚಿನ ದೇಶ ಯಾವುದಾದರೇನು ಎನ್ನುವ ಧಿಮಾಕು ನನಗಿತ್ತು.

ಉತ್ತರ ಭಾರತದ ಒಂದು ಊರಿನ ತರಬೇತಿ ಕ್ಯಾಂಪಿನಲ್ಲಿ ನಾಲ್ಕು ವರ್ಷ ಅವರ ಕೈಕೆಳಗೆ ಕಲಿತೆ. ಆರಡಿ ಮೀರಿದ ಆಳು, ಮಾತು ಕಡಿಮೆ. ಊರಿಂದ ನಾನು ಒಯ್ಯುತ್ತಿದ್ದ ಆಲೆಮನೆ ಬೆಲ್ಲವನ್ನು ಹಲ್ಲಲ್ಲಿ ಕಚ್ಚಿಕೊಂಡು ಹಾಲಿಲ್ಲದ ಟೀ ಹೀರುತ್ತಿದ್ದರು. ಯಾರಾದರೂ "ರಷ್ಯನ್ ಸರ್" ಎಂದರೆ ಪ್ರಾಕ್ಟೀಸ್ ನಿಲ್ಲಿಸಿ "ಉಕ್ರೇನ್" ಎನ್ನುತ್ತಿದ್ದರು. ದಿನಕ್ಕೆ ಹತ್ತು ಸಲವಾದರೂ ಸರಿಯೇ. ಎರಡನೇ ವರ್ಷಕ್ಕೆ ಸಾಕಾಗಿ ತಿದ್ದುವುದನ್ನೇ ಬಿಟ್ಟರು.

ಒಂದು ಮಧ್ಯಾಹ್ನ ಮಳೆಯಿಂದಾಗಿ ಮೈದಾನಕ್ಕೆ ಇಳಿಯಲಾಗದೆ ಕೂತಿದ್ದಾಗ, ಹಾಗೆ ತಿದ್ದುತ್ತಿದ್ದ ಕಾರಣ ಹೇಳಿದರು. ಹರೆಯದಲ್ಲಿ ಅವರಿಗೆ ವಿದ್ಯಾರ್ಥಿಗಳ ಜಾಗತಿಕ ಕೂಟದಲ್ಲಿ ಕಂಚು ಬಂದಿತ್ತು. ಮೈಮೇಲೆ ಇದ್ದದ್ದು ಸೋವಿಯತ್ ಒಕ್ಕೂಟದ ಕೆಂಪು ಜೆರ್ಸಿ. ಅವರ ನೆಲದ ಜಿಮ್ನಾಸ್ಟರು, ಓಟಗಾರರು, ಕುಸ್ತಿಯವರು ಒಲಿಂಪಿಕ್ಸಿನಲ್ಲಿ ಗೆದ್ದ ಪದಕಗಳೆಲ್ಲ ಆ ಕೆಂಪು ರಾಶಿಗೇ ಸೇರಿದವು, ಲೋಕ ಅದನ್ನು ರಷ್ಯಾ ಎಂದು ಕರೆಯಿತು. ಒಕ್ಕೂಟ ಒಡೆದ ಮರುವರ್ಷ ಹಳೆಯ ಆಟಗಾರರನ್ನೆಲ್ಲ ಸೇರಿಸಿ ಒಂದೇ ತಂಡ ಮಾಡಿ, ಒಲಿಂಪಿಕ್ಸಿನ ಐದು ಬಳೆಗಳ ಬಾವುಟದಡಿ ಮೆರವಣಿಗೆಯಲ್ಲಿ ನಡೆಸಿದರು. ಕೊನೆಗೂ ಉಕ್ರೇನಿನವರು ತಮ್ಮದೇ ನೀಲಿ ಹಳದಿ ಬಾವುಟ ಹಿಡಿದು ಹೋಗಿ ಮೊದಲ ಚಿನ್ನ ಗೆದ್ದಾಗ, ಆ ದೇಶದ ರಾಷ್ಟ್ರಗೀತೆಯನ್ನು ಹುಡುಕಿ ತರುವುದಕ್ಕೇ ಹೊತ್ತು ಹಿಡಿಯಿತಂತೆ. "ಅಷ್ಟು ಹೊತ್ತೂ ನಾನು ಟಿ.ವಿ. ಮುಂದೆ ನಿಂತೇ ಇದ್ದೆ" ಎಂದರು. ನಾನು ತಲೆಯಾಡಿಸಿದೆ. ಮಾರನೇ ದಿನ ಮತ್ತೆ ಬಾಯಿತಪ್ಪಿ ರಷ್ಯನ್ ಸರ್ ಎಂದಿರಬೇಕು, ನನ್ನ ನಾಲಗೆ ನನಗೆ ಗೊತ್ತು.

ಮಂಡಿ ಕೈಕೊಟ್ಟಿತು, ದೇಶದ ತಂಡ ಸೇರುವ ಕನಸು ಅಲ್ಲಿಗೆ ಮುಗಿಯಿತು. ಈಗ ಯಳಂದೂರಿನ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಡಂ ನಾನು. ಕೋಚ್ ತಮ್ಮ ದೇಶಕ್ಕೆ ಹಿಂತಿರುಗಿದರು. ಅಪರೂಪಕ್ಕೆ ಒಂದು ಮೆಸೇಜು ಬರುತ್ತಿತ್ತು. ಅವರ ದೇಶದ ಮೇಲೆ ರಷ್ಯಾದ ಯುದ್ಧ ಶುರುವಾದ ಮೇಲೆ ಅದೂ ನಿಂತಿತು. ಒಲಿಂಪಿಕ್ಸ್ ನಡೆಯುವಾಗ ಶಾಲೆಯ ಬೋರ್ಡಿನ ಮೇಲೆ ಪದಕಪಟ್ಟಿ ಬರೆಯುವುದು ನನ್ನ ಕೆಲಸ. ಉಕ್ರೇನ್ ಎಷ್ಟನೆಯ ಸ್ಥಾನದಲ್ಲಿದ್ದರೂ ಬಣ್ಣದ ಚಾಕ್‌ಪೀಸಿನಲ್ಲಿ ಬರೆಯುತ್ತಿದ್ದೆ. ಆ ದೇಶದಿಂದ ಗೆದ್ದವರ ಸುದ್ದಿಗಿಂತ ಹೆಚ್ಚಾಗಿ, ಬಂದೂಕು ಹಿಡಿದು ಹೋಗಿ ಸತ್ತ ಆಟಗಾರರ ಸುದ್ದಿಯೇ ಫೋನಿಗೆ ಬರುತ್ತಿತ್ತು.

ಹಾಗಿರುವಾಗ ಕ್ಯಾಂಪಿನವರ ವಾಟ್ಸಾಪ್ ಗುಂಪಿಗೆ ಒಂದು ಫೋಟೊ ಬಂತು. ನೀಲಿ ಹಳದಿ ಟ್ರ್ಯಾಕ್‌ಸೂಟಿನಲ್ಲಿ ಕೋಚ್, ಅವರ ಹೆಗಲ ಮೇಲೆ ಕೈಯಿಟ್ಟ ಒಬ್ಬ ಹುಡುಗಿ, ಕೆಳಗೆ ಅವರ ಲಿಪಿಯಲ್ಲಿ ಎರಡು ಸಾಲು. ಕಳಿಸಿದ ಗೆಳತಿ "ನಮ್ಮ ಸರ್ ಹೋದರು" ಎಂದು ಬರೆದಿದ್ದಳು. ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ನಾನೂ ಹಾಕಿದೆ, ಬಚ್ಚಲಿಗೆ ಹೋಗಿ ಅತ್ತೆ.

ಮಾರ್ನಮಿ ಅಮಾವಾಸ್ಯೆ ಹತ್ತಿರವಿತ್ತು. ಸತ್ತವರ ಫೋಟೊದ ಮುಂದೆ, ಅವರು ಇಷ್ಟಪಟ್ಟಿದ್ದನ್ನೆಲ್ಲ ಎಲೆಯಲ್ಲಿ ಬಡಿಸಿ ಎಡೆ ಇಡುವ ಹಬ್ಬ. ತೀರಿಹೋದ ಅಪ್ಪನ ಜೊತೆಗೆ ಕೋಚ್‌ಗೂ ಇಡೋಣ ಎಂದೆ. ಅವ್ವ ಜಾತಿ ಕೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದೇ ಬೇರೆ.

"ದಿಟ್ವಾಗ್ಲೂ ಓಗವ್ರಾ? ಕಣ್ಣಾರೆ ಕಂಡವ್ರು ಯಾರಾರ ಏಳುದ್ರಾ? ಬದ್ಕಿರೋರ್ಗೆ ಎಡೆ ಇಕ್ಬಾರ್ದು ಕಣವ್ವ."

"ಫೋಟೊನೇ ಬಂದದೆ, ಇನ್ನೇನ್ ಬೇಕು ನಿಂಗೆ?" ಎಂದು ರೇಗಿದೆ.

ಒಂದು ಫೋನ್ ಮಾಡಬಹುದಿತ್ತು. ಆ ಎರಡು ಸಾಲನ್ನು ಯಾರಿಂದಲಾದರೂ ಓದಿಸಬಹುದಿತ್ತು. ನನಗೆ ಹೆದರಿಕೆ. ಆ ಕಡೆ ಅಳುವವರು ಯಾರಾದರೂ ಫೋನ್ ಎತ್ತಿದರೆ ಯಾವ ಭಾಷೆಯಲ್ಲಿ ಸಮಾಧಾನ ಹೇಳಲಿ? ಹೆದರಿಕೆಯನ್ನು ಸಿಟ್ಟು ಮಾಡಿಕೊಂಡು ಅವ್ವನ ಮೇಲೆ ಹಾಕಿದೆ. "ಅಂಗಾರೆ ಇಕ್ಕು. ಪಾಪ, ಆ ಸುಡುಗಾಡ್ ಯುದ್ಧದಲ್ಲಿ ಯಾರವ್ರೆ ಅವ್ರಿಗೆ ಇಕ್ಕೋಕೆ" ಎಂದಳು ಅವ್ವ.

ಕೊಳ್ಳೇಗಾಲದ ಸ್ಟುಡಿಯೊಗೆ ಹೋಗಿ ಫೋಟೊ ತೋರಿಸಿದೆ. "ಪಕ್ಕದೋರ್ನೂ ಬುಡ್ಲಾ ಮೇಡಂ?" ಎಂದ ಸ್ಟುಡಿಯೊದವನು. "ಬ್ಯಾಡ, ಕಟ್ ಮಾಡಿ. ಸರ್ ಒಬ್ರೇ ಇರ್ಲಿ" ಎಂದೆ. ಕತ್ತರಿಸಿದ ಮೇಲೂ ಕೋಚಿನ ಹೆಗಲ ಮೇಲೆ ಹುಡುಗಿಯ ನಾಲ್ಕು ಬೆರಳು ಉಳಿದಿದ್ದವು. ಕಂಪ್ಯೂಟರಿನಲ್ಲಿ ಅವನ್ನೂ ಒರೆಸಿ, ಕಟ್ಟು ಹಾಕಿಸಿ ಕೊಟ್ಟ.

ಹಬ್ಬದ ದಿನ ಅಪ್ಪನ ಎಲೆಗೆ ಮುದ್ದೆ, ಬಾಡಿನ ಸಾರು, ಒಂದು ಕಟ್ಟು ಬೀಡಿ. ಕೋಚಿನ ಎಲೆಗೆ ಅದೇ ಸಾರು, ಜೊತೆಗೆ ಒಂದು ಲೋಟ ಹಾಲಿಲ್ಲದ ಟೀ, ಒಂದು ಉಂಡೆ ಬೆಲ್ಲ. ಧೂಪ ಹಾಕಿ, ಹೋದವರು ಬಂದು ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ನಾವಿಬ್ಬರೂ ಜಗಲಿಯಲ್ಲಿ ಕೂತೆವು. ಅವರ ಋಣ ಸ್ವಲ್ಪ ತೀರಿತು ಅನ್ನಿಸಿ ನನ್ನ ಮನಸ್ಸು ಹಗುರವಾಯಿತು. ಫೋಟೊವನ್ನು ಅಪ್ಪನ ಪಕ್ಕದಲ್ಲೇ ಗೋಡೆಗೆ ಹಾಕಿ ಗಂಧದ ಹಾರ ತೊಡಿಸಿದೆ.

ದೀಪಾವಳಿ ಕಳೆದಿತ್ತು. ಒಂದು ಸಂಜೆ ಶಾಲೆಯಿಂದ ಬಂದು ಕಾಲು ಚಾಚಿ ಕೂತಿದ್ದೆ. ವಿಡಿಯೊ ಕಾಲ್ ಬಂತು. ಕೋಚಿನ ನಂಬರು. ಅವರ ಮನೆಯವರು ಯಾರೋ ಇರಬೇಕು ಎಂದುಕೊಂಡು ಎತ್ತಿದೆ. ಪರದೆಯ ಮೇಲೆ ಕೋಚ್! ಕೆನ್ನೆ ಬತ್ತಿತ್ತು, ತಲೆ ಪೂರ್ತಿ ಬೆಳ್ಳಗಾಗಿತ್ತು. ಒಲೆ ಮುಂದಿದ್ದ ಅವ್ವ ಇಣುಕಿ ನೋಡಿದವಳು ಅಲ್ಲೇ ನೆಲಕ್ಕೆ ಕುಸಿದು ಕೂತಳು.

ಅವರ ಮುರುಕು ಹಿಂದಿ, ನನ್ನ ಹರುಕು ಹಿಂದಿ. ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಕೆಲಸವಂತೆ. ಯುದ್ಧದಲ್ಲಿ ಕಾಲು ಹೋದವರಿಗೆ ಕುರ್ಚಿಯಲ್ಲಿ ಕೂತು ಶಾಟ್‌ಪುಟ್ ಗುಂಡು ಎಸೆಯುವುದನ್ನು ಹೇಳಿಕೊಡುತ್ತಾರಂತೆ. ಪ್ಯಾರಾಲಿಂಪಿಕ್ಸಿನಲ್ಲಿ ಅವರ ದೇಶದವರು ಮೊದಲಿನಿಂದಲೂ ಗಟ್ಟಿಗರು. "ಈಗ ತಂಡಕ್ಕೆ ಹುಡುಗರನ್ನು ಯುದ್ಧವೇ ಕಳಿಸಿಕೊಡುತ್ತಿದೆ" ಎಂದರು. ನಗಲಿಲ್ಲ.

ಆಮೇಲೆ ಫೋನ್ ಮಾಡಿದ ಕಾರಣಕ್ಕೆ ಬಂದರು. ಅವರ ಕೊನೆಯ ಶಿಷ್ಯೆ, ಹ್ಯಾಮರ್ ಎಸೆಯುತ್ತಿದ್ದವಳು, ಆಂಬುಲೆನ್ಸ್ ಕೆಲಸಕ್ಕೆ ಸೇರಿ ಗಾಯಾಳುಗಳನ್ನು ತರಲು ಹೋದವಳು ಬಾಂಬಿಗೆ ಸಿಕ್ಕಿ ಸತ್ತಳು. ಫೋಟೊದ ಕೆಳಗಿನ ಎರಡು ಸಾಲು ಅವರೇ ಬರೆದದ್ದು, ಅವಳ ಬಗ್ಗೆ. ಅದು ನಮ್ಮ ಗುಂಪಿಗೂ ತಲುಪಿದ್ದನ್ನು, ನಾವು ಕೈಮುಗಿದದ್ದನ್ನು ಮೊನ್ನೆ ಯಾರೋ ತೋರಿಸಿದರಂತೆ; ಗೆಳತಿ ಬರೆದ ಸಾಲು ಅವರ ಕಣ್ಣಿಗೆ ಬಿದ್ದಿರಲಿಲ್ಲ. "ನೀವೆಲ್ಲ ಅವಳಿಗೆ ಕೈಮುಗಿದಿದ್ದೀರಿ. ನೋಡಿಲ್ಲದವಳಿಗೆ. ಥ್ಯಾಂಕ್ಸ್ ಹೇಳೋಣ ಅಂತ ಮಾಡಿದೆ" ಎಂದರು.

ಅವ್ವನಿಗೆ ಹೇಳಲು ಅತ್ತ ತಿರುಗಿದೆ. ಫೋನ್ ವಾಲಿ ಹಿಂದಿನ ಗೋಡೆ ಅವರಿಗೆ ಕಂಡಿರಬೇಕು. ವರ್ಷಗಟ್ಟಲೆ ನಮ್ಮ ದೇಶದಲ್ಲಿದ್ದವರು, ಫೋಟೊಗೆ ಹಾರ ಹಾಕಿದರೆ ಏನರ್ಥ ಎಂದು ಅವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. "ಅದು ನಾನಾ?" ಎಂದರು. "ತಪ್ಪಾಯ್ತು ಸರ್" ಎಂದು ಅತ್ತುಬಿಟ್ಟೆ. ಅವ್ವ ತೆವಳಿಕೊಂಡು ಬಂದು ಫೋನಿಗೇ ಕೈಮುಗಿದಳು. "ಬದ್ಕಿರೋನ್ಗೆ ಎಡೆ ಇಕ್ಬುಟ್ಟೊ ಕಣಪ್ಪ, ಒಟ್ಟೆಗಾಕಳಪ್ಪ" ಎಂದಳು.

ಅವರು ಸಿಟ್ಟಾಗಲಿಲ್ಲ. ಪರವಾಗಿಲ್ಲ ಎನ್ನುವಂತೆ ಕೈಯಾಡಿಸಿ, ಕನ್ನಡಕ ಹಾಕಿಕೊಂಡು, ಪರದೆಗೆ ಮುಖ ಹತ್ತಿರ ತಂದು ಗೋಡೆಯ ಫೋಟೊವನ್ನೇ ಬಹಳ ಹೊತ್ತು ನೋಡಿದರು.

"ನನ್ನ ಪಕ್ಕದಲ್ಲಿ ಅವಳಿದ್ದಳಲ್ಲ," ಎಂದರು, "ಅವಳನ್ನು ಏನು ಮಾಡಿದೆ?"