ಹಳೆಯ ಸ್ಕ್ಯಾನ್ ಬರುವ ತನಕ

ಬಂಟ್ವಾಳದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ನಾನು ಟೆಕ್ನೀಷಿಯನ್. ಕಂಪ್ಯೂಟರ್ ತುಂಬುತ್ತ ಬಂದಾಗ ಹಳೆಯ ಸ್ಕ್ಯಾನ್‌ಗಳನ್ನೆಲ್ಲ ಕ್ಲೌಡಿಗೆ ಹಾಕುವುದೆಂದು ನಮ್ಮ ಡಾಕ್ಟರರು ತೀರ್ಮಾನಿಸಿದರು. ಕಂಪೆನಿ ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಎರಡು ಕಂಪೆನಿಗಳ ದರ ಬರೆದುಕೊಂಡು ಕೂತೆ. ಒಂದರ ತಿಂಗಳ ಬಾಡಿಗೆ ಹೆಚ್ಚು. ಆದರೆ ಇಟ್ಟದ್ದನ್ನು ಬೇಕೆಂದಾಗ ಕೂಡಲೇ ಇಳಿಸಿಕೊಳ್ಳಬಹುದು, ಅದಕ್ಕೆ ಬೇರೆ ದುಡ್ಡಿಲ್ಲ. ಇನ್ನೊಂದರ ಬಾಡಿಗೆ ಅದರ ಕಾಲುಭಾಗವೂ ಇಲ್ಲ. ಒಳಗೆ ಹಾಕುವುದು ಪುಕ್ಕಟೆ. ಹೊರಗೆ ತೆಗೆಯುವಾಗ ಮಾತ್ರ ಪ್ರತಿ ಜಿಬಿಗೂ ಶುಲ್ಕ, ಮೇಲೆ ಅರ್ಧ ದಿನ ಕಾಯಬೇಕು.

“ಹಳೆಯದನ್ನು ಯಾರು ಕೇಳಿಕೊಂಡು ಬರ್ತಾರೆ ಸರ್?” ಎಂದು ನಾನೇ ಅಗ್ಗದ್ದನ್ನು ಆರಿಸಿದೆ.

ಎರಡು ವರ್ಷ ಯಾರೂ ಕೇಳಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಅಳದಂಗಡಿ ಕಡೆಯ ಹೆಂಗಸೊಬ್ಬರು ಗಂಡನ ಜೊತೆ ಬಂದರು. ತಿಂಗಳಿಂದ ಬಿಡದ ಕೆಮ್ಮು. ಸ್ಕ್ಯಾನ್ ಮಾಡಿದಾಗ ಬಲ ಶ್ವಾಸಕೋಶದಲ್ಲಿ ಕಡಲೆಕಾಳಿನಷ್ಟು ದೊಡ್ಡ ಚುಕ್ಕೆ ಕಂಡಿತು.

“ಮೊದಲು ಎದೆಯ ಸ್ಕ್ಯಾನ್ ಮಾಡಿಸಿದ್ದುಂಟಾ?” ಡಾಕ್ಟರರು ಕೇಳಿದರು.

“ಉಂಟು. ಮೂರು ವರ್ಷದ ಹಿಂದೆ ಇವಳು ಅಟ್ಟದಿಂದ ಬಿದ್ದು ಪಕ್ಕೆಲುಬು ಮುರಿದಾಗ ಇಲ್ಲೇ ಮಾಡಿಸಿದ್ದು. ಫಿಲ್ಮ್ ಎಲ್ಲಿ ಹೋಯ್ತೋ, ಹುಡುಕಿದ್ರೆ ಸಿಗ್ಲಿಲ್ಲ,” ಎಂದರು ಗಂಡ.

ಆಗಲೂ ಚುಕ್ಕೆ ಅಷ್ಟೇ ಇದ್ದಿದ್ದರೆ ಹೆದರಬೇಕಾಗಿಲ್ಲ. ಬೆಳೆದಿದ್ದರೆ ಸೂಜಿ ಹಾಕಿ ತುಣುಕು ತೆಗೆದು ಪರೀಕ್ಷಿಸಬೇಕು. ನಾನು ಕೂಡಲೇ ಕ್ಲೌಡಿಗೆ ಬೇಡಿಕೆ ಕಳಿಸಿದೆ. ಮರುದಿನ ಬೆಳಿಗ್ಗೆ ಸಿಗುವುದೆಂದು ಪರದೆಯ ಮೇಲೆ ಬಂತು.

“ನಿಮ್ಮ ಕಂಪ್ಯೂಟರಿನಲ್ಲೇ ಇಲ್ವಾ ಮೇಡಂ?” ಆಕೆ ಕೇಳಿದರು.

“ಬೇರೆ ಕಡೆ ಇಟ್ಟಿದ್ದೇವೆ ಅಮ್ಮ. ತರಿಸ್ತೇನೆ, ಬೆಳಿಗ್ಗೆ ಬನ್ನಿ.”

ಅಗ್ಗವೆಂದು ಅಲ್ಲಿಟ್ಟವಳು ನಾನೇ ಎಂದು ಹೇಳಲು ಬಾಯಿ ಬರಲಿಲ್ಲ.

ಮರುದಿನ ನಾನು ಬೀಗ ತೆಗೆಯಲು ಬಂದಾಗ ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದರು. ಆಕೆ ನಿದ್ದೆ ಮಾಡಿಲ್ಲವೆಂದು ಕಣ್ಣು ನೋಡಿದರೇ ಗೊತ್ತಾಗುತ್ತಿತ್ತು. ಸ್ಕ್ಯಾನ್ ಬಂದಿತ್ತು. ಡಾಕ್ಟರರು ಎರಡನ್ನೂ ಅಕ್ಕಪಕ್ಕ ಇಟ್ಟು ಅಳೆದರು, ಮತ್ತೊಮ್ಮೆ ಅಳೆದರು.

“ಅಷ್ಟೇ ಉಂಟು. ಒಂಚೂರೂ ಬೆಳೀಲಿಲ್ಲ. ಇದು ಹಳೆಯ ಕಲೆ ಅಮ್ಮ, ಸೂಜಿ ಎಲ್ಲ ಬೇಡ. ಕೆಮ್ಮಿಗೆ ಮದ್ದು ತೆಗೊಂಡ್ರೆ ಸಾಕು.”

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ಹಸಿವಾಗುತ್ತಿದೆ ಎಂದು ಗಂಡನಿಗೆ ತುಳುವಿನಲ್ಲಿ ಹೇಳಿದರು.

ಅವರು ಹೋದ ಮೇಲೆ ನಾನು ಡಾಕ್ಟರರಲ್ಲಿ, “ಅವರು ಹೀಗೆ ಕಾಯಬೇಕಾಗ್ತದೆ ಅಂತ ನಾನು ಯೋಚನೆಯೇ ಮಾಡಿರ್ಲಿಲ್ಲ ಸರ್,” ಎಂದೆ.

“ನಾನೂ ಮಾಡ್ಲಿಲ್ಲ. ಬದಲಾಯಿಸುವ,” ಎಂದರು.

ಐದು ವರ್ಷದೊಳಗಿನ ಸ್ಕ್ಯಾನ್‌ಗಳನ್ನೆಲ್ಲ ಬೇಕೆಂದಾಗ ಕೂಡಲೇ ಕೊಡುವ ಆ ದುಬಾರಿ ಕಂಪೆನಿಗೆ ಸಾಗಿಸಿದೆವು. ಎರಡು ವರ್ಷ ಉಳಿಸಿದ್ದರಲ್ಲಿ ಬಹುಪಾಲನ್ನು ಹೊರತೆಗೆಯುವ ಬಿಲ್ಲೇ ನುಂಗಿತು. ಡಾಕ್ಟರರು ಬಿಲ್ ನೋಡಿ ಸಹಿ ಹಾಕಿದರು. ತೀರಾ ಹಳೆಯವು ಈಗಲೂ ಅಗ್ಗದ ಕಡೆಯೇ ಇವೆ. ಯಾರಾದರೂ ಅವನ್ನು ಕೇಳಿದರೆ, ಏಕೆ ತಡವಾಗುತ್ತದೆಂದು ಬಿಡಿಸಿ ಹೇಳಿಯೇ ಕಳಿಸುತ್ತೇನೆ.