ಮನೆಗೊಂದು ಬದನೆ ಸಸಿ

ಆ ಭಾನುವಾರ ಸಂಜೆ ನಮ್ಮತ್ತೆ ಎಂದಿನಂತೆ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬಡಾವಣೆಯ ಪಾರ್ಕಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಸಸಿ ಎಬ್ಬಿಸುವ ಪಾತಿಯಲ್ಲಿ ಬದನೆ ಬೀಜ ಮೊಳೆತು ಎರಡೆರಡು ಎಲೆ ಬಿಟ್ಟಿತ್ತು. ಬಿಸಿಲು ತಾಗದಂತೆ ತೆಂಗಿನ ಗರಿ ಮುಚ್ಚುತ್ತಾ, "ಡಬ್ಬೀಲಿ ಒಂದ್ ಬೀಜಾನೂ ಉಳಿಸ್ಲಿಲ್ಲ ಕಣವ್ವ. ಅಳೇದಾಯ್ತಾ ಇತ್ತು, ಎಲ್ಲಾ ಚೆಲ್ಬುಟ್ಟೆ. ಈ ಸಲ ಮನೆಗೊಂದು ಸಸಿ ಕೊಡನ," ಎಂದರು. ನಾನು ಹೂಂ ಎಂದೆ.

ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೋದರೆ ಹಾಸಿಗೆಯಲ್ಲೇ ತಣ್ಣಗಾಗಿದ್ದರು. ಉಗುರಿನ ಸಂದಿಯಲ್ಲಿ ಪಾತಿಯ ಮಣ್ಣು ಹಾಗೇ ಇತ್ತು. ಲೋಟವನ್ನು ಎಲ್ಲಿಟ್ಟೆನೋ ನನಗೆ ಈಗಲೂ ನೆನಪಿಲ್ಲ.

ಚನ್ನರಾಯಪಟ್ಟಣದ ನಮ್ಮ ಬೀದಿಯಲ್ಲಿ ಅವರನ್ನು ಪುಟ್ಟತಾಯಮ್ಮ ಎಂದು ಕರೆದವರಿಲ್ಲ. ಎಲ್ಲರಿಗೂ ಸೊಪ್ಪಿನಮ್ಮ. ಪಾರ್ಕಿಗೆಂದು ಬಿಟ್ಟ ಜಾಗದಲ್ಲಿ ಮೊದಲು ಇಟ್ಟಿಗೆ ಚೂರು, ಪ್ಲಾಸ್ಟಿಕ್ ತುಂಬಿತ್ತು. ಬಡಾವಣೆಯ ಸಂಘದವರು ಅಲ್ಲಿ ಹುಲ್ಲುಹಾಸು ಹಾಕಿಸಲು ಹೊರಟಾಗ ಅತ್ತೆ ಕರೆಯದಿದ್ದರೂ ಸಭೆಗೆ ಹೋದರು.

"ಆ ಉಲ್ಲು ಯಾರ್ ತಿಂತಾರೆ ಸಾ? ದನ ಬಿಡಂಗಿಲ್ಲ, ಮಕ್ಳು ತುಳಿಯಂಗಿಲ್ಲ ಅಂತ ಬೋರ್ಡ್ ಬೇರೆ ಆಕ್ತೀರ!"

"ಅಂಗಾರೆ ನೀವೇನ್ ಆಕ್ತೀರಮ್ಮ?" ಅಧ್ಯಕ್ಷರು ನಕ್ಕರು.

"ತಿನ್ನೋದ್ ಆಕ್ತೀನಿ. ನಿಮ್ಮನೆ ಸಾರಿಗೂ ಕಳಿಸ್ತೀನಿ. ಆಗ ನಗಿ."

ಬೇಲಿಯುದ್ದಕ್ಕೂ ನುಗ್ಗೆ, ಅಗಸೆ, ನೆಲ್ಲಿ ಬಂದವು. ನೀರು ನಿಲ್ಲುವ ಮೂಲೆಗೆ ಲಾವಂಚ, ನೆರಳಿಗೆ ದೊಡ್ಡಪತ್ರೆ. ಉದುರಿದ ಎಲೆ ಸುಡಲು ಬಿಡುತ್ತಿರಲಿಲ್ಲ, ಗಿಡದ ಬುಡಕ್ಕೇ ಹೊದಿಸುತ್ತಿದ್ದರು. ಯಾರಾದರೂ ಹೊನಗೊನೆ ಸೊಪ್ಪನ್ನು ಬೇರುಸಹಿತ ಕಿತ್ತರೆ ಮುಗಿಯಿತು: "ತಲೆ ಚಿವುಟ್ಲಾ! ಕಟಿಂಗ್ ಮಾಡುಸ್ವಾಗ ಕೂದ್ಲನ್ನ ಬುಡ ಸಮೇತ ಕೀಳುಸ್ಕೊಂಡಿದ್ದೀಯಾ?"

ಬದನೆ ಮಾತ್ರ ಬೇರೆ. ಅದು ಬಾಗೂರಿನ ಅವರ ಅವ್ವನ ಹಿತ್ತಲಿನದು, ಮದುವೆಯಾಗಿ ಬರುವಾಗ ಸೆರಗಿಗೆ ಕಟ್ಟಿಕೊಂಡು ತಂದ ಬೀಜ. ಕೋಳಿಮೊಟ್ಟೆ ಗಾತ್ರದ ಬಿಳಿ ಕಾಯಿ, ಮೇಲೆ ಹಸಿರು ಗೀರು. ಆ ಹಿತ್ತಲಿನ ಜಾಗದಲ್ಲಿ ಈಗ ಅವರ ತಮ್ಮನ ಮನೆಯಿದೆ. ವರ್ಷವರ್ಷವೂ ಆ ಬೀಜವನ್ನು ಉಳಿಸಿಕೊಂಡು ಬಂದವರು ಅತ್ತೆಯೊಬ್ಬರೇ.

ಒಮ್ಮೆ ಪಕ್ಕದ ಮನೆಯ ಶೋಭಾ, ದೊಡ್ಡಪ್ಪ ತೀರಿಕೊಂಡ ಸೂತಕವೆಂದು ಪಾರ್ಕಿನ ಹೊರಗೇ ನಿಂತಿದ್ದಳು. ತಾನು ಮುಟ್ಟಿದರೆ ವೀಳ್ಯದೆಲೆ ಬಳ್ಳಿ ಒಣಗುತ್ತದೆಂಬ ಹೆದರಿಕೆ. ಅತ್ತೆ ಬಿಂದಿಗೆಯನ್ನೇ ಅವಳ ಸೊಂಟಕ್ಕೆ ಇರಿಸಿದರು. "ನೀರ್ ಆಕಿದ್ರೆ ಬದುಕ್ತದೆ, ಆಕ್ದಿದ್ರೆ ಒಣಗ್ತದೆ. ಗಿಡಕ್ಕೆ ಯಾವ ಸೂತಕವೇ, ಬಾ ಒಳಕ್ಕೆ." ಶೋಭಾ ನಗುತ್ತಾ ನೀರು ಹಾಕಿದಳು. ಬಳ್ಳಿಗೆ ಏನೂ ಆಗಲಿಲ್ಲ.

ಅತ್ತೆಯನ್ನು ಶಾಂತಿಗ್ರಾಮದ ಹತ್ತಿರದ ನಮ್ಮ ಹೊಲದಲ್ಲಿ ಮಣ್ಣು ಮಾಡಿ, ಹನ್ನೊಂದನೇ ದಿನದ ತಿಥಿ ಮುಗಿಯುವವರೆಗೆ ನಾವು ಅಲ್ಲೇ ಊರಿನಲ್ಲಿ ಉಳಿದೆವು. ಬಿಸಿಲು ಧಗಧಗ ಉರಿಯುತ್ತಿತ್ತು. "ಪಾರ್ಕಿಗೆ ನೀರು?" ಎಂದು ನಾನು ಕೇಳಿದಾಗ ನನ್ನ ಗಂಡ, "ಬೀದಿ ತುಂಬಾ ಜನ ಅವ್ರಲ್ಲ, ಆಕ್ತಾರೆ ಬಿಡು," ಎಂದರು. ನನಗೂ ಹಾಗೇ ಅನ್ನಿಸಿತು.

ವಾಪಸ್ಸು ಬಂದಾಗ ಪಾತಿಯ ಮೇಲೆ ಗರಿ ಅವರು ಹೊದಿಸಿದಂತೆಯೇ ಇತ್ತು. ಎತ್ತಿದೆ. ಬಿರುಕುಬಿಟ್ಟ ಮಣ್ಣಿನ ಮೇಲೆ ಸಸಿಗಳು ಸುಟ್ಟ ದಾರದ ಚೂರುಗಳಂತೆ ಬಿದ್ದಿದ್ದವು. ಬೆರಳು ತಾಗಿದರೆ ಪುಡಿಯಾಗುತ್ತಿದ್ದವು. ನಾನು ಅಲ್ಲೇ ಕೂತು ಒಂದಾದರೂ ಹಸಿರಿದೆಯಾ ಎಂದು ಹುಡುಕಿದೆ.

ಶೋಭಾ ಓಡಿ ಬಂದಳು. "ಯಾಕಕ್ಕ?" ಎಂದವಳು ಪಾತಿ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. "ನಾವ್ಯಾರೂ ಒಳಕ್ಕೆ ಕಾಲಿಡ್ಲಿಲ್ಲ ಕಣಕ್ಕ. ನಮ್ಮನೇಲೇ ಸಾವಾದಂಗಾಗಿತ್ತಲ್ಲ. ಸೂತಕ ಕಳೀಲಿ ಅಂತ ಇಡೀ ಬೀದಿಯೇ ಕಾಯ್ಕೊಂಡಿತ್ತು."

ಅತ್ತೆಯನ್ನು ಹೊರಗಿನವರೆಂದುಕೊಂಡಿದ್ದರೆ ಒಂದು ಕೊಡ ನೀರು ಹಾಕಿರುತ್ತಿದ್ದರು.

ಆಮೇಲೆ ಹೊಳೆನರಸೀಪುರದ ಸಂತೆ, ಅರಕಲಗೂಡಿನ ಬೀಜದಂಗಡಿ, ಎಲ್ಲಾ ಕಡೆ ಕೇಳಿದೆವು. ಗೀರಿನ ಬದನೆ ಕಂಡವರು ತಂದುಕೊಡುತ್ತಾರೆ. ಎಣ್ಣೆಗಾಯಿ ಮಾಡಿ ಬಾಯಿಗಿಟ್ಟ ಕೂಡಲೇ ಗೊತ್ತಾಗುತ್ತದೆ, ಅದಲ್ಲ.

ಬೀದಿಯವರು ಈಗ ಸರದಿ ಹಾಕಿಕೊಂಡು ನೀರುಣಿಸುತ್ತಾರೆ. ನುಗ್ಗೆ ಹೂಬಿಟ್ಟಿದೆ, ವೀಳ್ಯದೆಲೆ ಬಳ್ಳಿ ಬುಡದಿಂದ ಮತ್ತೆ ಚಿಗುರಿದೆ. ಬಾಗೂರಿನ ಬದನೆ ಇಲ್ಲ.